ನವರಂಗದ ಕೂಗು

ಜೂನಿನ ಮೊದಲ ಮಳೆ ಬಿದ್ದರೆ ಸಾಕು, ನನ್ನ ಗಂಡನಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಪುಣೆಯ ಸುತ್ತಲಿನ ಗುಡ್ಡಗಾಡಿಗೆ ಆಗ ನವರಂಗ ಬರುತ್ತದೆ. ಮೈತುಂಬ ಬಣ್ಣ ಹೊತ್ತ ಹಕ್ಕಿ, ಆದರೆ ನಾಚಿಕೆಯೋ ನಾಚಿಕೆ. ನೆಲದ ಒಣ ಎಲೆ ತಿರುವಿ ಹಾಕುತ್ತ ಪೊದೆಯೊಳಗೇ ಇರುತ್ತದೆ. ಮೊದಲು ಕೂಗು ಕೇಳಬೇಕು, ದಿಕ್ಕು ಹಿಡಿಯಬೇಕು, ಆಮೇಲೆ ಕಣ್ಣಿನ ಕೆಲಸ. ಕೂಗಿದ ಕಡೆ ಇವರು ಬೆರಳೆತ್ತುವುದು, ನಾನು ಅತ್ತ ನೋಡುವುದು ನಮ್ಮ ಪದ್ಧತಿ. ಮಾತು ಬಿಲ್‌ಕುಲ್ ಇಲ್ಲ. ಇಷ್ಟು ವರ್ಷ ಬೆರಳು ನೋಡಿದ್ದೇ ಬಂತು, ನನಗೆ ಹಕ್ಕಿ ಕಂಡಿರಲಿಲ್ಲ. ಹೇಗಿರಬಹುದಪ್ಪಾ ಅದು ಎಂಬ ಕುತೂಹಲ ಮಾತ್ರ ಬಿಡಲಿಲ್ಲ.

ಈ ವರ್ಷ ಹೊರಡುವ ಮುಂಚೆ ಮನೆಯಲ್ಲಿ ಜಗಳ. ಇವರು ಹಚ್ಚಿದ ಟಿವಿ ಇಡೀ ಹೌಸಿಂಗ್ ಸೊಸೈಟಿಗೆ ಕೇಳುತ್ತಿತ್ತು. "ಅಪ್ಪಾ, ಕಿವಿಗೆ ಮಷೀನ್ ಹಾಕ್ಕೋರಿ" ಎಂದಳು ಮಗಳು. ಇವರಿಗೆ ಸಿಟ್ಟು ನೆತ್ತಿಗೇರಿತು.

"ನನಗೇನಾಗೇದ? ನೀವ ಗುಣುಗುಣು ಮಾತಾಡ್ತೀರಿ. ನವರಂಗದ ಕೂಗು ನನಗ ಕೇಳಲಿಲ್ಲಂದ್ರ ಆಗ ಹಾಕ್ಕೋತೀನಿ, ಹೋಗು!"

ಹಟಮಾರಿ ಮನುಷ್ಯ. ಕಾತ್ರಜ ಘಾಟು ದಾಟಿ, ಸ್ಕೂಟರ್ ನಿಲ್ಲಿಸಿ, ಬೆಳ್ಳಂಬೆಳಗ್ಗೆ ಒಂದು ಹಳ್ಳದ ದಂಡೆಯಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಬಲಗಡೆಯ ಪೊದೆಯಿಂದ ಸೀಟಿ ಹೊಡೆದ ಹಾಗೆ ಎರಡು ಸ್ವರ, ವೀಟ್-ಟಿಯೂ. ಇವರ ಕೈ ನೋಡಿದೆ. ಮೊಣಕಾಲ ಮೇಲೇ ಇತ್ತು. ಮತ್ತೆ ಕೂಗಿತು, ಇನ್ನೂ ಹತ್ತಿರದಿಂದ. ಬೆರಳು ಅಲುಗಲಿಲ್ಲ.

"ಇವತ್ತ ಬಂದಿಲ್ಲ ಅನಸ್ತದ. ನಡಿ, ಛಾ ಕುಡಿಯೂಣು" ಎಂದು ಏಳಹೊರಟರು. ಅಯ್ಯೋ ದೇವರೇ! ತೋಳು ಹಿಡಿದು ಕೂರಿಸಿ, ಈ ಸಲ ನಾನೇ ಬೆರಳೆತ್ತಿದೆ.

ಎಲೆಗಳ ನಡುವೆ ನಿಂತೇ ಇತ್ತು! ಹಸಿರು ಬೆನ್ನು, ಹೆಗಲಲ್ಲಿ ನೀಲಿ, ಕಾಡಿಗೆ ತೀಡಿದಂಥ ಕಣ್ಣು, ಮೋಟು ಬಾಲದ ಕೆಳಗೆ ಕುಂಕುಮದ ಕೆಂಪು. ಒಂದು ಎಲೆ ಮಗುಚಿ ಹುಳ ನುಂಗಿತು. ಇವರ ಮುಖ ಅರಳಿತು. ಆಗ ಹಕ್ಕಿ ತಗ್ಗಿನ ಕೊಂಬೆಗೆ ಹಾರಿ, ತಲೆ ಹಿಂದಕ್ಕೆ ಚೆಲ್ಲಿ, ಕೊಕ್ಕು ತೆರೆದು, ಕಾಡೆಲ್ಲ ಕೇಳುವ ಹಾಗೆ ಕೂಗಿತು. ಇವರು ಆ ತೆರೆದ ಕೊಕ್ಕನ್ನೇ ನೋಡುತ್ತ ಕೂತರು.

ಅದು ಪೊದೆಯೊಳಗೆ ಮರೆಯಾದ ಮೇಲೂ ಇವರ ಕಣ್ಣು ಆ ಕೊಂಬೆಯ ಮೇಲೇ ಇತ್ತು. ಜಗಳ ಗೆದ್ದ ಖುಷಿ ನನಗೆ ಎಳ್ಳಷ್ಟೂ ಆಗಲಿಲ್ಲ, ಅಳುವೇ ಬಂತು.

"ಕೂಗ್ತಲ್ಲ?" ಎಂದರು.

"ಹೂಂರಿ," ಎಂದೆ ಕಿವಿಗೆ ಬಾಯಿ ಹಚ್ಚಿ. "ಭಾಳ ಜೋರ."

"ಹೆಂಗ ಕೂಗ್ತು? ಮಾಡಿ ತೋರಿಸು."

ನನಗೆ ಸೀಟಿ ಹೊಡೆಯಲು ಬರುವುದಿಲ್ಲ. ಆದರೂ ತುಟಿ ಚೂಪು ಮಾಡಿ ಊದಿದೆ. ಬರೇ ಗಾಳಿ ಬಂತು. ಇವರು ಕಣ್ಣು ಮುಚ್ಚಿ, ತಲೆ ನನ್ನತ್ತ ಬಗ್ಗಿಸಿ ಕೇಳುತ್ತಿದ್ದರು.

"ಇನ್ನೊಮ್ಮಿ ಮಾಡು" ಎಂದರು.