ಇಲ್ಲದ ಸೇತುವೆಯ ಟೆಂಡರ್

ಗೆಳೆಯರೇ, ಕಮಲಾಪುರದಲ್ಲಿ ಇಲ್ಲವೇ ಇಲ್ಲದ ಒಂದು ಕಿರುಸೇತುವೆಗಾಗಿ ಇವತ್ತು ಕಲಬುರಗಿಯಲ್ಲಿ ಕೈ ಕೈ ಮಿಲಾಯಿಸುವುದೊಂದೇ ಬಾಕಿ ಇತ್ತು.

ನಮ್ಮಂಥ ಸಣ್ಣ ಗುತ್ತಿಗೆದಾರರಿಗೆ ಸರ್ಕಾರಿ ಟೆಂಡರ್ ಹಾಕುವುದನ್ನು ಕಲಿಸುವ ತರಬೇತಿ ಅದು. ಬ್ಯಾನರಿನಲ್ಲಿ ದೊಡ್ಡದಾಗಿ 'ಜ್ಞಾನ ವರ್ಗಾವಣೆ' ಎಂದಿತ್ತು. ಬೆಂಗಳೂರಿನ ತರಬೇತುದಾರರು ಅಭ್ಯಾಸಕ್ಕೆಂದು ಈ ಸೇತುವೆ ಕೊಟ್ಟು, "ಯಾರಿಗೂ ಹೇಳದೆ ನಿಮ್ಮ ದರ ಬರೆದು ಲಕೋಟೆಯಲ್ಲಿ ಕೊಡಿ" ಎಂದು ಚಹಾಕ್ಕೆ ಬಿಟ್ಟರು. ಅವರು ಎಡವಿದ್ದೇ ಅಲ್ಲಿ. ಚಹಾದಂಗಡಿಯಲ್ಲಿ ನಾವು ರೂಢಿಯಂತೆ ಮಾತು ಮುಗಿಸಿದೆವು: ಈ ಸಲ ಕಮಲಾಪುರದ ಶರಣಪ್ಪನ ಪಾಳಿ, ಉಳಿದವರೆಲ್ಲ ಅವನಿಗಿಂತ ಹೆಚ್ಚು ಬರೆಯುವುದು.

ಲಕೋಟೆ ಒಡೆದರೆ ಎಲ್ಲರಿಗಿಂತ ಕಡಿಮೆ ದರ ಗಾಜಿಪುರದ ನಸ್ರೀನ್ ಅವರದು. ನಮ್ಮಲ್ಲಿ ಅವರೊಬ್ಬರೇ ಹೆಣ್ಣುಮಗಳು, ಈಚೆಗಷ್ಟೇ ಲೈಸೆನ್ಸ್ ಪಡೆದವರು.

ಶರಣಪ್ಪ ಕುರ್ಚಿ ಬಿಟ್ಟೆದ್ದ. "ಏನ್ರೀ ಅಕ್ಕಾರ, ಎಲ್ಲಾರೂ ಕೂಡಿ ಮಾತಾಡಿದ್ದು ಗೊತ್ತಿಲ್ಲೇನ್ರೀ?"

"ಹೆಂಗ ಗೊತ್ತಾಗ್ಬೇಕ್ರೀ ಅಣ್ಣಾ? ಚಾ ಕುಡೀಲಾಕ ನನಗ ಯಾರರ ಕರದೀರೇನು? ಸರ್ ಹೇಳ್ದಂಗ ಲೆಕ್ಕಾ ಹಾಕಿ ಬರದೀನಿ."

ತರಬೇತುದಾರರು ಚಪ್ಪಾಳೆಗೆ ಕೈ ಎತ್ತಿದ್ದರು. ಅಷ್ಟರಲ್ಲಿ ಪಕ್ಕದಲ್ಲಿದ್ದ, ನಮಗೆ ಟೆಂಡರ್ ಕೊಡುವ ಇಲಾಖೆಯ ಸಾಹೇಬರು ಮೈಕ್ ಎಳೆದುಕೊಂಡರು. "ಗದ್ದಲ ಬ್ಯಾಡ್ರೀ. ತಾಂತ್ರಿಕ ಕಾರಣಕ್ಕ ಈ ಟೆಂಡರ್ ರದ್ದು ಮಾಡೀನಿ."

"ಸಾರ್, ಸೇತುವೆಯೇ ಇಲ್ಲ, ತಾಂತ್ರಿಕ ಕಾರಣ ಎಲ್ಲಿಂದ ಬಂತು?" ಎಂದು ತರಬೇತುದಾರರು ಕೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಳೆ ಮರುಟೆಂಡರ್ ಅಂತೆ. ಶರಣಪ್ಪ ಈಗಾಗಲೇ ನಸ್ರೀನ್ ಅವರಿಗೆ ಫೋನ್ ಮಾಡಿ ಚಹಾಕ್ಕೆ ಕರೆದಿದ್ದಾನೆ. ಜ್ಞಾನ ವರ್ಗಾವಣೆಯ ಉಳಿದ ಭಾಗ ಅಲ್ಲೇ ನಡೆಯಲಿದೆ.