ಧನ್ ಸಿಂಗ್ ಹೇಳಿದ ಮಾತು

ಹಿಮಾಲಯದ ಕುಮಾವೂಂ ಬೆಟ್ಟಗಳ ಒಂದು ಪುಟ್ಟ ಊರಿನಿಂದ ಎರಡು ಮೈಲಿ ಕೆಳಗೆ, ಕಾಲುದಾರಿ ಎರಡಾಗಿ ಕವಲೊಡೆಯುವ ಕಡೆ, ಒಂದು ದೇವದಾರು ಮರಕ್ಕೆ ಎಡಗೈ ಊರಿ ನಾನು ನಿಂತಿದ್ದೆ. ೨೦೦೪ರ ಈಸ್ಟರ್ ರಜೆ, ಬುಧವಾರ, ಬೆಳಿಗ್ಗೆ ಹನ್ನೊಂದು ದಾಟಿತ್ತು. ನನಗೆ ಹನ್ನೆರಡು ವರ್ಷ. ನನ್ನ ಬಲಕ್ಕೆ ಗೆಳತಿ ಗೆಮ್ಮಾ, ಹಿಂದೆ ನಮ್ಮ ಟೀಚರ್ ಮಿಸೆಸ್ ಆಶ್‌ವರ್ತ್, ಎದುರಿಗೆ ದಾರಿ ತೋರಿಸಲು ಬಂದಿದ್ದ ಧನ್ ಸಿಂಗ್. ಉಳಿದ ಒಂಬತ್ತು ಮಕ್ಕಳು ಇನ್ನೊಬ್ಬ ಮೇಷ್ಟ್ರ ಜೊತೆ ಹಿಂದೆ ಉಳಿದು, ಮೇಲಿನ ತಿರುವಿನ ಆಚೆ ಇದ್ದರು. ಅಲ್ಲಿ ನಡೆದದ್ದನ್ನು ನಡೆದಂತೆ ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಆ ದಿನಗಳಲ್ಲಿ ನಾವು ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿದ್ದೆವು. ಅಪ್ಪ ಆಸ್ಪತ್ರೆಯಲ್ಲಿ ಡಾಕ್ಟರು. ಅವರು ಯಾವ ದಿನ ರಾತ್ರಿ ಊಟಕ್ಕೆ ಸಿಗುತ್ತಾರೆಂದು ಫ್ರಿಜ್ಜಿನ ಮೇಲೆ ಅಂಟಿಸಿದ ಡ್ಯೂಟಿ ರೋಟಾ ನೋಡಿ ತಿಳಿಯಬೇಕಿತ್ತು. ಅಮ್ಮ ಕನ್ನಡದಲ್ಲಿ ಕೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ತರಗತಿಯಲ್ಲಿ ನನ್ನ ಬಣ್ಣದ ಹುಡುಗಿ ಬೇರೊಬ್ಬಳಿರಲಿಲ್ಲ. ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಬಂದು ಕೂರುತ್ತಿದ್ದವಳು ಗೆಮ್ಮಾ ಒಬ್ಬಳೇ. ನನ್ನ ಚಿತ್ರಾನ್ನದಲ್ಲಿನ ಕಡಲೆಬೀಜಗಳನ್ನು ಹೆಕ್ಕಿ ತಿಂದು, ತನ್ನ ಚೀಸ್ ಸ್ಯಾಂಡ್‌ವಿಚ್ಚಿನ ಅರ್ಧವನ್ನು ನನ್ನ ಡಬ್ಬಿಯ ಮುಚ್ಚಳದ ಮೇಲೆ ಇಡುತ್ತಿದ್ದಳು.

ನಮ್ಮ ಶಾಲೆಗೂ ಆ ಬೆಟ್ಟದೂರಿನ ಶಾಲೆಗೂ ಪತ್ರವ್ಯವಹಾರವಿತ್ತು. ಒಂದು ವಾರ ಅಲ್ಲಿದ್ದು, ಅವರ ಹಾಡು, ಕುಣಿತ, ಅಡುಗೆ ಕಲಿತು ಬರುವುದೆಂದು ನಿಶ್ಚಯವಾಯಿತು. ಪೋಷಕರ ಸಭೆಯಲ್ಲಿ ಮಿಸೆಸ್ ಆಶ್‌ವರ್ತ್ ಅಪ್ಪನನ್ನು ಕೇಳಿದರು: "ಇವಳಿಗೆ ಅಲ್ಲಿನ ಭಾಷೆ ಬರುತ್ತದೆ, ಅಲ್ಲವೆ?"

"ಖಂಡಿತ," ಎಂದರು ಅಪ್ಪ.

ವಾಪಸು ಬರುವಾಗ ಕಾರಿನಲ್ಲಿ ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಅವಳಿಗೆ ಕನ್ನಡದಲ್ಲೇ ಉತ್ತರ ಕೊಡೋಕೆ ಬರಲ್ಲ, ಇನ್ನು ಹಿಂದಿ ಬೇರೆ! ಏನ್ರೀ ನೀವು?"

"ನಾಲ್ಕು ದಿನ ಅಲ್ಲಿದ್ರೆ ತಾನಾಗೇ ಬರುತ್ತೆ ಬಿಡೇ. ನಂಗೆ ವಾರ್ಡಲ್ಲಿ ಪೇಶೆಂಟ್‌ಗಳ ಜೊತೆ ಮಾತಾಡಿ ಮಾತಾಡಿ ಬರ್ಲಿಲ್ವಾ? ಏನ್ ಪುಟ್ಟಿ?"

"ಯಾ," ಎಂದೆ ಹಿಂದಿನ ಸೀಟಿನಿಂದ. ಅಪ್ಪ ಹೆಮ್ಮೆಪಡುವ ಸಂಗತಿಗಳು ನನ್ನಲ್ಲಿ ಹೆಚ್ಚಿರಲಿಲ್ಲ. ಇದೊಂದು ಇರಲಿ ಎನ್ನಿಸಿತ್ತು.

ಊರು ತಲುಪಿದಾಗ ಬೆಟ್ಟದ ಇಳಿಜಾರಿನ ತುಂಬ ಬುರಾನ್ಸ್ ಹೂ ಕೆಂಪಗೆ ಅರಳಿತ್ತು. ಎಲ್ಲರಿಗೂ ಅದರ ಶರಬತ್ತು ಕೊಟ್ಟರು. ಉಳಿದ ಮಕ್ಕಳನ್ನು ಶಾಲೆಯ ಹಾಸ್ಟೆಲಿನಲ್ಲಿ ಇಬ್ಬಿಬ್ಬರಂತೆ ಇರಿಸಿದರು. "ನೀನು ಇಲ್ಲಿನ ಮನೆಯವರ ಜೊತೆಯೇ ಆರಾಮಾಗಿರುತ್ತೀ, ಲವ್," ಎಂದು ಮಿಸೆಸ್ ಆಶ್‌ವರ್ತ್ ನನ್ನೊಬ್ಬಳನ್ನು ಊರಿನ ಅಜ್ಜಿಯೊಬ್ಬರ ಮನೆಗೆ ಕಳಿಸಿದರು. ಎಲ್ಲರೂ ಅವರನ್ನು ಆಮಾ ಎನ್ನುತ್ತಿದ್ದರು. ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಆಮಾ ರೊಟ್ಟಿ ಸುಡುತ್ತಿದ್ದರು. ಮೊದಲ ಸಂಜೆ ಆ ವಾಸನೆ ಬಂದ ಕೂಡಲೆ ನನಗೆ ಗುರುತು ಸಿಕ್ಕಿತು. ಅದು ರಾಗಿ. ಅಮ್ಮ ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಸುತ್ತಿ ತರುತ್ತಿದ್ದ ಅದೇ ರಾಗಿ. ರೊಟ್ಟಿಯ ಮೇಲೆ ತುಪ್ಪ, ಪಕ್ಕದಲ್ಲಿ ಬೆಲ್ಲದ ಚೂರು. ಆಮಾ ಏನೇನೋ ಕೇಳುತ್ತಿದ್ದರು. ನನಗೆ ಬರುತ್ತಿದ್ದದ್ದು "ಹಾಂ ಜಿ" ಒಂದೇ. ಎಲ್ಲಕ್ಕೂ ಅದನ್ನೇ ಹೇಳಿದೆ. ಎರಡನೇ ಸಂಜೆಗೆ ಅವರು ಕೇಳುವುದನ್ನು ನಿಲ್ಲಿಸಿ ಸುಮ್ಮನೆ ತಲೆ ಸವರಿದರು. ಮೇಲಿನ ಹಾಸ್ಟೆಲಿನಿಂದ ನನ್ನ ತರಗತಿಯವರ ನಗು ಕೇಳಿಬರುತ್ತಿತ್ತು.

ಮಾರನೆಯ ದಿನ ಶಾಲೆಯ ಅಂಗಳದಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ನೆಲದ ಮೇಲೆ ಅಕ್ಕಿಹಿಟ್ಟಿನ ನೀರಿನಿಂದ ಚಿತ್ರ ಬರೆಯುವುದನ್ನು ಕಲಿಸಿದರು. ಅಮ್ಮನ ಜೊತೆ ರಂಗೋಲಿ ಹಾಕಿದ್ದ ನನ್ನ ಬೆರಳಿಗೆ ಅದು ಸುಲಭವಾಗಿ ಒಲಿಯಿತು. "ನೋಡಿದಿರಾ, ಅದು ಅವಳ ರಕ್ತದಲ್ಲೇ ಇದೆ," ಎಂದು ಮಿಸೆಸ್ ಆಶ್‌ವರ್ತ್ ಎಲ್ಲರಿಗೂ ತೋರಿಸಿದರು. ನನಗೆ ಭಾಷೆ ಬರುವುದಿಲ್ಲವೆಂದು ಅದಾದ ಮೇಲೆ ಹೇಳಲು ಸಾಧ್ಯವೇ ಆಗಲಿಲ್ಲ.

ಬುಧವಾರ ಹೊಳೆಯಾಚೆಯ ಗುಡಿಯೊಂದನ್ನು ನೋಡಿಕೊಂಡು ಬರಲು ಹೊರಟೆವು. ಧನ್ ಸಿಂಗ್‌ಗೆ ಅರವತ್ತರ ಹತ್ತಿರ ವಯಸ್ಸು, ಮಾತು ಕಡಿಮೆ, ಇಂಗ್ಲಿಷ್ ಬರುತ್ತಿರಲಿಲ್ಲ. ಕವಲಿನಲ್ಲಿ ಒಂದು ದಾರಿ ಬೆಟ್ಟವನ್ನು ಸುತ್ತಿಕೊಂಡು ಮೇಲಕ್ಕೆ ಹೋಗುತ್ತಿತ್ತು. ಇನ್ನೊಂದು ನೇರವಾಗಿ ಹೊಳೆಗೆ ಇಳಿಯುತ್ತಿತ್ತು. ಅಲ್ಲೊಂದು ಮರದ ಕಾಲುಸೇತುವೆ, ಅದರಾಚೆಗೇ ಗುಡಿ. ಧನ್ ಸಿಂಗ್ ಸೇತುವೆಯ ಕಡೆ ನೋಡುತ್ತ ನಾಲ್ಕೈದು ಮಾತು ಹೇಳಿದರು. ಹೇಳುವಾಗ ಬಲ ಅಂಗೈಯನ್ನು ಎರಡು ಸಲ ಅಡ್ಡಡ್ಡ ಆಡಿಸಿದರು. ಮಿಸೆಸ್ ಆಶ್‌ವರ್ತ್ ಆಗ ಹಿಂದೆ ತಿರುಗಿ ಉಳಿದವರು ಬಂದರೇ ಎಂದು ನೋಡುತ್ತಿದ್ದರು. ಅವರಿಗೆ ದನಿ ಕೇಳಿತು, ಕೈ ಕಾಣಲಿಲ್ಲ.

"ಏನು ಹೇಳುತ್ತಿದ್ದಾರೆ, ಲವ್?"

ಗೆಮ್ಮಾಳಿಗೆ ಶೂ ಕಚ್ಚಿ ಹಿಮ್ಮಡಿ ಸುಲಿದಿತ್ತು. ಅವಳು ಸೇತುವೆಯನ್ನೇ ನೋಡುತ್ತಿದ್ದಳು.

"ಕೆಳಗಿನ ದಾರಿ ಹತ್ತಿರವಂತೆ," ಎಂದೆ.

"ಕೈ ಹೀಗೆ ಆಡಿಸಿದರಲ್ಲ?" ಗೆಮ್ಮಾ ಮೆಲ್ಲಗೆ ಕೇಳಿದಳು.

"ಇಲ್ಲಿ ಹಾಗೆ ಮಾಡಿದರೆ ಹತ್ತಿರ ಅಂತ ಅರ್ಥ."

ಧನ್ ಸಿಂಗ್ ಆಗಲೇ ಮೇಲಿನ ದಾರಿ ಹತ್ತತೊಡಗಿದ್ದರು. ಮಿಸೆಸ್ ಆಶ್‌ವರ್ತ್ ಉಳಿದವರನ್ನು ಕರೆತರಲು ತಿರುವಿನ ಕಡೆ ಹೋದರು. ಗೆಮ್ಮಾ ಕುಂಟುತ್ತಲೇ ಕೆಳಕ್ಕಿಳಿದಳು. ಅವಳು ಸೇತುವೆಯ ಮೇಲೆ ಐದಾರು ಹೆಜ್ಜೆ ಇಟ್ಟಿದ್ದಳು, ಅಷ್ಟರಲ್ಲಿ ಧನ್ ಸಿಂಗ್ ತಿರುಗಿ ನೋಡಿದರು. ಹೆಗಲ ಚೀಲ ಬಿಸಾಡಿ, ಇಳಿಜಾರಿನಲ್ಲಿ ಕೂಗುತ್ತ ಓಡಿ ಬಂದು, ಅವಳ ಬೆನ್ನಚೀಲವನ್ನು ಹಿಡಿದು ದಡಕ್ಕೆ ಎಳೆದೆಸೆದರು. ಹಲಗೆ ಮುರಿದದ್ದು ಅವರ ಕಾಲ ಕೆಳಗೆ; ಅವರು ಹೊಳೆಗೆ ಬಿದ್ದರು. ಆಳ ಒಂದಾಳಿಗಿಂತ ಸ್ವಲ್ಪ ಹೆಚ್ಚು. ಕೆಳಗೆ ಬಂಡೆ ಇತ್ತು, ನೀರು ಕಡಿಮೆ ಇತ್ತು.

ಎಲ್ಲರೂ ಓಡಿಬಂದರು. ಧನ್ ಸಿಂಗ್ ಮಲಗಿದ್ದಲ್ಲಿಂದಲೇ ನನ್ನನ್ನು ನೋಡಿ ಏನನ್ನೋ ಕೇಳಿದರು. ಮಿಸೆಸ್ ಆಶ್‌ವರ್ತ್ ನನ್ನ ಭುಜ ಹಿಡಿದರು. "ಏನು ಹೇಳುತ್ತಿದ್ದಾರೆ? ಬೇಗ ಹೇಳು, ಲವ್!"

"ನನಗೆ ಗೊತ್ತಿಲ್ಲ," ಎಂದೆ.

ಅಳುತ್ತಿದ್ದ ಗೆಮ್ಮಾ ಅಳು ನಿಲ್ಲಿಸಿ ನನ್ನತ್ತ ತಿರುಗಿದಳು. ಗಾಬರಿಯಿಂದ ಹಾಗಂದೆನೆಂದು ಮಿಸೆಸ್ ಆಶ್‌ವರ್ತ್ ತಿಳಿದರು. ಗೆಮ್ಮಾ ಹಾಗೆ ತಿಳಿಯಲಿಲ್ಲ.

ಧನ್ ಸಿಂಗ್ ಅವರ ಸೊಂಟದ ಮೂಳೆ ಮುರಿದಿತ್ತು. ನಾವು ಮ್ಯಾಂಚೆಸ್ಟರಿಗೆ ಮರಳಿದ ಮೇಲೆ ಶಾಲೆಯಿಂದ ಎಲ್ಲ ಪೋಷಕರಿಗೂ ಪತ್ರ ಬಂತು. ಆ ದಾರಿಯನ್ನು ಸೂಚಿಸಿದ್ದು ಸ್ಥಳೀಯ ಮಾರ್ಗದರ್ಶಿಯೇ ಎಂದೂ, ಇನ್ನು ಅವರನ್ನು ಕೆಲಸಕ್ಕೆ ಕರೆಯಬಾರದೆಂದು ಅಲ್ಲಿನ ಶಾಲೆಗೆ ತಿಳಿಸಲಾಗಿದೆಯೆಂದೂ ಅದರಲ್ಲಿತ್ತು.

ಅಪ್ಪ ಅದನ್ನು ಊಟದ ಮೇಜಿನಲ್ಲಿ ಓದಿದರು. "ಎಂಥ ಮನುಷ್ಯನಪ್ಪಾ! ಮಕ್ಕಳನ್ನ ಅಂಥ ದಾರೀಲಿ ಕಳಿಸೋದಾ? ನೀನು ಅಲ್ಲೇ ಇದ್ಯಲ್ಲ ಪುಟ್ಟಿ, ಏನಂದ ಅವನು?"

"ಡೋಂಟ್ ನೋ, ಅಪ್ಪ."

"ಗೊತ್ತಿಲ್ಲ ಅಂದ್ರೆ?"

ನಾನು ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ಹೋದೆ. ಅಪ್ಪ ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಅವರು ಮತ್ತೆ ಅದರ ಮಾತೆತ್ತಲಿಲ್ಲ. ಮಗಳಿಗೆ ಇಂಥದ್ದು ಬರುತ್ತದೆಂದು ಯಾರ ಮುಂದೆಯೂ ಹೇಳಲಿಲ್ಲ. ಶಾಲೆಯಲ್ಲಿ ಗೆಮ್ಮಾ ಜಗಳವಾಡದೆ ಬೇರೆ ಮೇಜಿಗೆ ಹೋದಳು. ಉಳಿದ ವರ್ಷಗಳೆಲ್ಲ ನಾನು ಕಿಟಕಿಯ ಪಕ್ಕ ಒಬ್ಬಳೇ ಕೂತು ಉಂಡೆ.

ಮುಂದೆ ನಾನು ಪಟ್ಟುಹಿಡಿದು ಹಿಂದಿ ಕಲಿತೆ. ಈಗ ಸಲೀಸಾಗಿ ಮಾತಾಡುತ್ತೇನೆ. ಆದರೆ ಅಂದು ಧನ್ ಸಿಂಗ್ ಆಡಿದ ಮಾತುಗಳಲ್ಲಿ ಒಂದು ಶಬ್ದವೂ ಕಿವಿಯಲ್ಲಿ ಉಳಿದಿಲ್ಲ. ಉಳಿದಿದ್ದರೆ ಈಗ ಅರ್ಥವಾಗುತ್ತಿತ್ತು. ಬಂಡೆಯ ಮೇಲೆ ಬಿದ್ದುಕೊಂಡು ನನ್ನನ್ನು ಕೇಳಿದ್ದೇನೆಂಬುದೂ ತಿಳಿಯುತ್ತಿತ್ತು.

ಅಪ್ಪ ಈಗಿಲ್ಲ. ಮಿಸೆಸ್ ಆಶ್‌ವರ್ತ್ ಕೂಡ ತೀರಿಕೊಂಡರು, ಆ ಪತ್ರವನ್ನು ಕೊನೆಯವರೆಗೂ ನಂಬಿಕೊಂಡೇ. ಧನ್ ಸಿಂಗ್ ಬದುಕಿದ್ದಾರೆಯೇ ಎಂದು ಕೇಳಿ ಆ ಊರಿನ ಶಾಲೆಗೆ ಬರೆದೆ. ಉತ್ತರ ಬರಲಿಲ್ಲ. ಅವರ ಅಂಗೈ ಬೇಡ ಬೇಡವೆಂದು ಎರಡು ಸಲ ಅಡ್ಡಡ್ಡ ಆಡಿದ್ದನ್ನು ನನ್ನ ಜೊತೆ ನಿಂತು ಕಂಡವಳು ಇನ್ನೊಬ್ಬಳು ಬದುಕಿದ್ದಾಳೆ: ಗೆಮ್ಮಾ. ಮ್ಯಾಕಲ್ಸ್‌ಫೀಲ್ಡ್‌ನಲ್ಲಿದ್ದಾಳೆ, ನಾನೀಗಿರುವ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ನಾನಿನ್ನೂ ಹೋಗಿಲ್ಲ.