ನೀರಿಗೆ ಹೊಡೆಯಬಾರದೆಂದು ನನಗೆ ಹೊಡೆದವರು

ಮೊನ್ನೆ ಕಲ್ಲೋಳಿಯ ರೈತನೊಬ್ಬ ಟ್ರ್ಯಾಕ್ಟರಿನ ಹಳೆಯ ಟ್ಯೂಬೊಂದನ್ನು ತಂದು ನನ್ನ ಅಂಗಡಿಯ ಮುಂದೆ ಒಗೆದ. ಅದು ಅವನ ಬಾವಿಯಲ್ಲಿ ವರ್ಷಗಟ್ಟಲೆ ತೇಲಿಕೊಂಡಿತ್ತಂತೆ, ಈಗ ಎಲ್ಲೋ ತೂತಾಗಿದೆಯಂತೆ. ಪಂಕ್ಚರ್ ಹುಡುಕಲು ಅದನ್ನು ತೊಟ್ಟಿಯ ನೀರಿನಲ್ಲಿ ಅದ್ದಿದೆ ನೋಡಿ... ಒದ್ದೆ ರಬ್ಬರು, ಪಾಚಿ, ಕೆಸರು ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಬೆನ್ನು ತಾನಾಗಿಯೇ ಸೆಟೆಯಿತು. ಮೂಡಲಗಿಯಲ್ಲಿ ಸ್ವಂತ ಟೈರ್ ಅಂಗಡಿ ಇಟ್ಟುಕೊಂಡಿರುವ, ನಲವತ್ತು ದಾಟಿದ ಗಂಡಸು ನಾನು, ಏಟು ಬೀಳುತ್ತದೆಂದು ಹೆಗಲು ಕುಗ್ಗಿಸಿ ನಿಂತಿದ್ದೆ.

ಇಂಥದೇ ಟ್ಯೂಬಿನಿಂದ ಕತ್ತರಿಸಿದ ಒಂದು ಪಟ್ಟಿಯಿಂದ ನಾನು ಒಂದು ಚಳಿಗಾಲವಿಡೀ ಹೊಡೆತ ತಿಂದಿದ್ದೇನೆ. ಹೊಡೆದವರು ಘೋಡಗೇರಿಯ ವಸ್ತಾದರು. ನಮ್ಮ ಕಡೆ ಕುಸ್ತಿ ಕಲಿಸುವವರನ್ನು ವಸ್ತಾದ ಎನ್ನುತ್ತಾರೆ. ಅವರು ಅಖಾಡ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಹೆಂಡತಿ, ಕಬ್ಬಿನ ಹೊಲ, ಎರಡು ಎಮ್ಮೆ, ಹೊಲದ ನಡುವೆ ಒಂದು ದೊಡ್ಡ ಬಾವಿ, ಐದು ಹೊತ್ತಿನ ನಮಾಜು, ಇಷ್ಟೇ ಅವರ ಸಂಸಾರ. ವಯಸ್ಸು ಅರವತ್ತೈದಾದರೂ ಇದ್ದೀತು. ಕುತ್ತಿಗೆ ಮಾತ್ರ ಇನ್ನೂ ಹೋರಿಯ ಕುತ್ತಿಗೆ.

ಅವರ ಹತ್ತಿರ ಹೋಗುವಂತೆ ಮಾಡಿದ್ದು ನನ್ನ ಅವಮಾನ. ನನಗೆ ಆಗ ಟ್ರಯಥ್ಲಾನ್ ಹುಚ್ಚು ಹಿಡಿದಿತ್ತು. ಮೊದಲು ಈಜು, ಮೈ ಒರೆಸಿಕೊಳ್ಳುವ ಮೊದಲೇ ಸೈಕಲ್ಲು, ಸೈಕಲ್ಲಿನಿಂದ ಇಳಿದರೆ ಓಟ. ಸೈಕಲ್ಲಿನಲ್ಲಿ ಗೋಕಾಕದ ಘಾಟಿನ ಮೇಲೆ ನನ್ನನ್ನು ಹಿಂದೆ ಹಾಕುವವರು ಕಡಿಮೆ. ಓಟವೂ ಪರವಾಗಿಲ್ಲ. ಈಜಂತೂ ಹುಟ್ಟಿದಾಗಿನಿಂದ ಬರುತ್ತದೆ ಎಂಬ ಸೊಕ್ಕು. ಬಾವಿಯಲ್ಲಿ ಬೆಳೆದವನಿಗೆ ಈಜು ಹೇಳಿಕೊಡಬೇಕೇ?

ಮಹಾರಾಷ್ಟ್ರದ ಕಡೆಯ ಒಂದು ಕೆರೆಯಲ್ಲಿ ನನ್ನ ಮೊದಲ ಸ್ಪರ್ಧೆ. ಈಜಬೇಕಾದದ್ದು ಮುಕ್ಕಾಲು ಕಿಲೋಮೀಟರ್. ಸೀಟಿ ಊದಿದ್ದೇ ತಡ, ಧಡಧಡ ನೀರು ಬಡಿಯುತ್ತ ಹೊರಟೆ. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಎಲ್ಲರೂ ಒಂದು ಕಡೆ, ನಾನೊಬ್ಬನೇ ಇನ್ನೊಂದು ಕಡೆ. ಗುರುತಿಗೆಂದು ನೀರಿನ ಮೇಲೆ ತೇಲಿಬಿಟ್ಟ ಕೆಂಪು ಬುಗ್ಗೆಯ ಕಡೆಗೆ ಹೋಗಬೇಕಾದವನು ಎಡಕ್ಕೆ, ಇನ್ನೂ ಎಡಕ್ಕೆ ಹೊರಳುತ್ತ ಹೊರಟ ದಂಡೆಗೇ ವಾಪಸು ಬರುತ್ತಿದ್ದೆ! ಉಸಿರು ಹತ್ತಿತು, ಕಾಲು ಕಲ್ಲಾದವು. ಕೊನೆಗೆ ಬೋಟಿನವರು ಬಂದು ರಟ್ಟೆ ಹಿಡಿದು ಎಳೆದುಕೊಂಡರು. ಅದರ ವಿಡಿಯೋ ನಾನು ಊರು ಮುಟ್ಟುವ ಮೊದಲೇ ನಮ್ಮ ಸೈಕಲ್ ಗೆಳೆಯರ ಫೋನುಗಳಲ್ಲಿ ತಿರುಗುತ್ತಿತ್ತು. "ಟೈರ್ ಅಂಗಡಿ ಸಾವುಕಾರ ಒಂದು ಟ್ಯೂಬರೆ ಕಟ್ಟಕೊಂಡ ಹೋಗಬೇಕಿತ್ತು" ಎಂದು ಒಬ್ಬ ಬರೆದಿದ್ದ. ಸಿಟ್ಟಿಗೆ ನನ್ನ ಫೋನನ್ನು ಅಂಗಡಿಯ ಶಟರಿಗೆ ಬೀಸಿ ಒಗೆದೆ. ಬರುವ ವರ್ಷ ಇದೇ ಕೆರೆಯನ್ನು ಈಜಿ ಮುಗಿಸದಿದ್ದರೆ ಸೈಕಲ್ಲನ್ನೇ ಮಾರಿಬಿಡುತ್ತೇನೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ.

ಘೋಡಗೇರಿಯ ವಸ್ತಾದರ ಹೆಸರು ಹೇಳಿದವನು ಹುಕ್ಕೇರಿಯ ಒಬ್ಬ ಗಿರಾಕಿ. ಹೊಳೆಯಲ್ಲಿ ಯಾರಾದರೂ ಮುಳುಗಿದರೆ ಪೊಲೀಸರು ಕರೆಯುವುದು ಅವರನ್ನೇ, ಹೆಣ ಹುಡುಕಿ ತರುವವರು ಅವರೇ, ಈ ಭಾಗದಲ್ಲಿ ಅವರ ಹಾಗೆ ನೆಟ್ಟಗೆ ಈಜುವವರಿಲ್ಲ ಎಂದ.

ಮೊದಲ ದಿನ ಅವರು ಬಾವಿಯ ಕಟ್ಟೆಯ ಮೇಲೆ ಕೂತು "ಈಸಿ ತೋರ್ಸು" ಎಂದರು. ಎರಡು ಸುತ್ತು ಈಜಿ ಮೇಲೆ ಬಂದೆ. ಶಾಭಾಶ್ ಅನ್ನುತ್ತಾರೆಂದುಕೊಂಡಿದ್ದೆ. ಟ್ಯೂಬಿನ ಪಟ್ಟಿ ಛಟ್ಟನೆ ಬಲಗೈ ರಟ್ಟೆಯ ಮೇಲೆ ಬಿತ್ತು.

"ನೀರಿಗಿ ಯಾಕ ಹೊಡಿಯಾಕತ್ತೀ ಲೇ? ಅದೇನ ನಿಮ್ಮಪ್ಪನ ಹೊಲಾ ನುಂಗೇತೇನ?"

"ಹೊಡತ ಯಾಕ್ರಿ ವಸ್ತಾದ್ರ? ಬಾಯಿಲೆ ಹೇಳ್ರಿ" ಎಂದೆ.

"ಬಾಯಿಲೆ ಹೇಳಿದ್ದು ನೀರಾಗ ಕೇಳೂದಿಲ್ಲ. ಹೊಡದದ್ದು ನೆನಪಿರತೈತಿ."

ನನ್ನ ರೋಗವೇನೆಂದು ಅವರು ಎರಡೇ ಸುತ್ತಿನಲ್ಲಿ ಕಂಡುಹಿಡಿದಿದ್ದರು. ಅದು ನಮ್ಮ ಬಾವಿಗಳ ರೋಗ. ಬಾವಿಯಲ್ಲಿ ಮುಖ ನೀರಿಗಿಟ್ಟು ಈಜಿದರೆ ಮೇಲಿನಿಂದ ಧುಮುಕುವವನ ಹಿಮ್ಮಡಿ ಬೆನ್ನಿಗೆ ಬಂದು ಬೀಳುತ್ತದೆ. ಹಾಗಾಗಿ ನಾವೆಲ್ಲ ತಲೆ ಎತ್ತಿಯೇ ಈಜುತ್ತೇವೆ. ತಲೆ ಎದ್ದರೆ ಸೊಂಟ ಮುಳುಗುತ್ತದೆ, ಸೊಂಟ ಮುಳುಗಿದರೆ ನೀರನ್ನು ಬಡಿಯದೆ ಗತಿಯಿಲ್ಲ. ಇನ್ನು ಬಾವಿ ಇರುವುದು ದುಂಡಗೆ. ಚಿಕ್ಕಂದಿನಿಂದ ಎಡಕ್ಕೇ ಸುತ್ತು ಹಾಕಿ ಹಾಕಿ ನನ್ನ ಬಲಗೈ ಪ್ರತಿ ಸಲವೂ ಮೂಗಿನ ನೇರ ದಾಟಿ ಎಡಗಡೆಗೆ ಬೀಳುತ್ತಿತ್ತು. ಕೆರೆಯ ಬಯಲು ನೀರಿನಲ್ಲೂ ನಾನು ಇಲ್ಲದ ಬಾವಿಯನ್ನು ಸುತ್ತುತ್ತಿದ್ದೆ.

ವಾರಕ್ಕೆ ಮೂರು ಮುಂಜಾನೆ ಬೈಕು ಹತ್ತಿ ಹೋಗುತ್ತಿದ್ದೆ. ಬಾವಿಗೆ ಅಡ್ಡಲಾಗಿ ಒಂದು ಹಗ್ಗ ಬಿಗಿದು, ಅದರ ಗುಂಟ ನೆಟ್ಟಗೆ ಈಜು ಎನ್ನುತ್ತಿದ್ದರು. ಕಾಲು ಬಡಿಯಬಾರದೆಂದು ಎರಡೂ ಕಾಲಿನ ಹರಡುಗಳನ್ನು ಟ್ಯೂಬಿನ ಪಟ್ಟಿಯಿಂದ ಕಟ್ಟಿ, ಹಿಂದಿನಿಂದ ಒದ್ದು ನೀರಿಗೆ ಕೆಡವುತ್ತಿದ್ದರು. ನೀರಿನ ಮಟ್ಟದ ಮೆಟ್ಟಿಲ ಮೇಲೆ ನಿಂತ ಅವರ ಕೈಯಲ್ಲಿ ಇನ್ನೊಂದು ಪಟ್ಟಿ ಸದಾ ಸಿದ್ಧ. ಬಲಗೈ ಗೆರೆ ದಾಟಿತೋ, ಛಟ್. ಮೊಣಕೈ ಕೆಳಗಿಳಿಯಿತೋ, ಛಟ್. ಉಸಿರಿಗಾಗಿ ಇಡೀ ತಲೆ ಎತ್ತಿದೆನೋ, ಉದ್ದನೆಯ ಬಿದಿರಿನ ಗಳದಿಂದ ನೆತ್ತಿಯನ್ನೇ ಒತ್ತಿ ಮುಳುಗಿಸುತ್ತಿದ್ದರು. "ಒಂದ ಕಣ್ಣ ನೀರಾಗಿರ್ಲಿ! ಬಾಯಿ ಅಷ್ಟ ಹೊರಗ ತಗೀ! ಉಸರ ನೀರಾಗ ಬಿಡೋ ಹುಚ್ಚಖೋಡಿ!" ಎಂಬ ಅವರ ಕೂಗು ಬಾವಿಯ ಗೋಡೆಗಳಿಗೆಲ್ಲ ಬಡಿದು ನನ್ನ ಕಿವಿಗೇ ಬರುತ್ತಿತ್ತು. ಮನೆಯಲ್ಲಿ ಹೆಂಡತಿ ನನ್ನ ಬೆನ್ನಿನ ಬರೆಗಳನ್ನು ನೋಡಿ, "ಈಸಾಕ ಹೋಗಾಕತ್ತೀರೋ, ಪೊಲೀಸ್ ಠಾಣೆಕ್ಕ ಹೋಗಾಕತ್ತೀರೋ?" ಎಂದು ಕೇಳಿದಳು.

ಖರೆ ಹೇಳುತ್ತೇನೆ, ನನಗೆ ಅವರ ಮೇಲೆ ವಿಪರೀತ ದ್ವೇಷ ಹುಟ್ಟಿತ್ತು. ಅಂಗಡಿಯಲ್ಲಿ ಟೈರು ಬಿಚ್ಚುವಾಗ ಸಬ್ಬಲ್ಲಿನ ಒಂದೊಂದು ಹೊಡೆತವನ್ನೂ ಅವರ ಬೆನ್ನಿಗೇ ಕೊಟ್ಟಂತೆ ಕೊಡುತ್ತಿದ್ದೆ. ಆದರೂ ಬಿಡಲಿಲ್ಲ. ಏಕೆಂದರೆ ಒಂದು ಮುಂಜಾನೆ... ಹೇಗೆ ಹೇಳಲಿ, ಕೈ ಮುಂದೆ ಚಾಚಿದೆ, ಮೈ ಮಗ್ಗುಲಾಯಿತು, ಅಂಗೈಗೆ ನೀರು ಗಟ್ಟಿಯಾಗಿ ಸಿಕ್ಕಿತು, ಅದನ್ನು ತೊಡೆಯ ತನಕ ಹಿಂದೆ ದೂಡಿದೆ. ಸಪ್ಪಳವೇ ಇಲ್ಲ. ಹಗ್ಗದ ಗುಂಟ ಈ ಗೋಡೆಯಿಂದ ಆ ಗೋಡೆಗೆ ಸರ್ರನೆ ಜಾರಿದ್ದೆ. ಮೇಲೆ ನೋಡಿದರೆ ವಸ್ತಾದರು ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಎಮ್ಮೆಗೆ ಮೇವು ಹಾಕಲು ಹೊರಟಿದ್ದರು. ಅಂದು ಏಟು ಬೀಳಲಿಲ್ಲ.

ಇನ್ನೊಂದು ದಿನ ಪಾಠದ ನಡುವೆಯೇ ಪೊಲೀಸ್ ಜೀಪು ಬಂತು. ಹೊಳೆಯಲ್ಲಿ ಬಟ್ಟೆ ಒಗೆಯಲು ಹೋದ ಹೆಂಗಸೊಬ್ಬಳು ಕಾಲು ಜಾರಿ ಹೋಗಿದ್ದಳು. ನಾನೂ ಜೊತೆಗೆ ಹೋದೆ. ವಸ್ತಾದರು ಮೂರು ಸಲ ಮುಳುಗಿ ಎದ್ದು, ನಾಲ್ಕನೆಯ ಸಲ ಆಕೆಯೊಂದಿಗೆ ಮೇಲೆ ಬಂದರು. ಒಂದು ಕೈಯಲ್ಲಿ ಈಜುತ್ತ, ಇನ್ನೊಂದು ಕೈಯನ್ನು ಆಕೆಯ ತಲೆಯ ಕೆಳಗಿಟ್ಟು, ಮುಖಕ್ಕೆ ನೀರು ಬಡಿಯದಂತೆ ತಂದರು. ಸತ್ತವಳ ಮುಖಕ್ಕೆ! ನನಗೆ ಹೊಡೆಯುವ ಕೈಯೂ ಅದೇ ಎಂದು ನಂಬಲು ಆಗಲಿಲ್ಲ.

ಸ್ಪರ್ಧೆಗೆ ಒಂದು ವಾರ ಉಳಿದಾಗ ನನ್ನನ್ನು ಹೊಳೆಗೆ ಇಳಿಸಿದರು. ನಡುನೀರಿನಲ್ಲಿ ಜೊತೆಗೆ ಈಜುತ್ತಿದ್ದ ವಸ್ತಾದರು ಹೇಳದೆ ಕೇಳದೆ ನನ್ನ ತಲೆ ಹಿಡಿದು ಒಳಗೆ ಒತ್ತಿದರು. ಕೆರೆಯಲ್ಲಿ ನೂರು ಮಂದಿ ಒಟ್ಟಿಗೆ ನುಗ್ಗುವಾಗ ಹೀಗೇ ಆಗುತ್ತದೆ, ಆಗ ಗಾಬರಿಯಾಗದೆ ಉಸಿರು ಬಿಡುತ್ತ ಇರಬೇಕು ಎಂಬುದು ಅವರ ಪಾಠ. ಅದು ನನಗೆ ತಿಳಿದದ್ದು ಆಮೇಲೆ. ಆಗ ತಿಳಿದದ್ದು ಒಂದೇ, ಈ ಮುದುಕ ನನ್ನನ್ನು ಕೊಲ್ಲುತ್ತಿದ್ದಾನೆ. ಇದ್ದ ಬಲವನ್ನೆಲ್ಲ ಸೇರಿಸಿ ಮೊಣಕೈ ಬೀಸಿದೆ. ಅದು ಅವರ ಬಾಯಿಗೆ ಬಿತ್ತು. ನೀರು ಕೆಂಪಾಯಿತು. ಅವರು ನನ್ನ ಕೂದಲು ಹಿಡಿದು, ಕಪಾಳಕ್ಕೆ ಎರಡು ಬಾರಿಸಿ, ದಂಡೆಗೆ ಎಳೆದು ತಂದು ಒಗೆದರು. ನಾನು ಎದ್ದು ಅವರ ಎದೆಗೆ ಎದೆ ಕೊಟ್ಟು ನಿಂತೆ.

"ಹೆಣಾ ಎಳಿಯೂದು ಬಿಟ್ರ ನಿನಗೇನ ಗೊತ್ತೈತೋ ಮುದುಕಾ? ನಿನ್ನ ಕೈ ಹತ್ತಿದ್ದೆಲ್ಲಾ ಹೆಣಾನ!"

ಅಷ್ಟು ವಯಸ್ಸಾದವರಿಗೆ ಏಕವಚನ. ಅವರು ಬಾಯೊಳಗಿನ ರಕ್ತ ಉಗುಳಿದರು. ಅದರೊಂದಿಗೆ ಎರಡು ಹಲ್ಲು ಮರಳಿನ ಮೇಲೆ ಬಿದ್ದವು. ಹೊಡೆಯುತ್ತಾರೆಂದು ಮುಷ್ಟಿ ಕಟ್ಟಿದೆ. ಅವರು ಹೊಡೆಯಲಿಲ್ಲ.

"ಹೂಂ" ಎಂದರು. "ಅದಕ್ಕ ಕಲಿಸಾಕತ್ತೇನಿ. ನಿನ್ನ ಎಳಿಯೂ ಪಾಳೆ ನನಗ ಬರಬಾರದು."

ನಾನು ಒದ್ದೆ ಚಡ್ಡಿಯಲ್ಲೇ ಬೈಕು ಹತ್ತಿ ಬಂದುಬಿಟ್ಟೆ.

ಕೆರೆಯಲ್ಲಿ ಅವರು ಅಂದುಕೊಂಡ ಹಾಗೆಯೇ ಆಯಿತು. ಸೀಟಿ ಊದಿದೊಡನೆ ಕೈಕಾಲುಗಳ ಯುದ್ಧ. ಯಾರದೋ ಹಿಮ್ಮಡಿ ದವಡೆಗೆ ಬಡಿಯಿತು, ಈಜಿನ ಕನ್ನಡಕ ಕಿತ್ತುಹೋಯಿತು, ಇನ್ನೊಬ್ಬ ನನ್ನ ಬೆನ್ನ ಮೇಲೆಯೇ ಹತ್ತಿ ಮುಂದೆ ಹೋದ. ನೀರು ಕುಡಿದೆ. ತಲೆ ಎತ್ತಬೇಕೆನಿಸಿತು. ಎತ್ತಲಿಲ್ಲ. ಮುಖ ಒಳಗಿಟ್ಟು, ಬುಳುಬುಳು ಉಸಿರು ಬಿಡುತ್ತ, ಬಲಗೈಯನ್ನು ಹೆಗಲಿನ ನೇರಕ್ಕೇ ಇಡುತ್ತ ಹೋದೆ. ಕೆಂಪು ಬುಗ್ಗೆ ನೆಟ್ಟಗೆ ಎದುರಿಗೇ ಬಂತು. ಈಜು ಮುಗಿಸಿ ದಂಡೆ ಹತ್ತಿದಾಗ ಗಡುವಿಗೆ ಇನ್ನೂ ಹೊತ್ತಿತ್ತು. ಸೈಕಲ್ಲೂ ಮುಗಿಯಿತು, ಓಟವೂ ಮುಗಿಯಿತು. ನಗುತ್ತಿದ್ದವರೆಲ್ಲ ಬೆನ್ನು ತಟ್ಟಿದರು.

ಆ ದಿನವೇ ಘೋಡಗೇರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಹೋಗಿ ಏನೆನ್ನಲಿ? ಹಲ್ಲಿಲ್ಲದ ಆ ಬಾಯನ್ನು ಹೇಗೆ ನೋಡಲಿ? ಬರುವ ರವಿವಾರ ಹೋಗೋಣ, ಹಬ್ಬ ಮುಗಿಯಲಿ, ಕಬ್ಬಿನ ಸೀಜನ್ನು ಕಳೆಯಲಿ... ಎರಡು ವರ್ಷ ಹೋದವು.

ಮೂರನೆಯ ಮಳೆಗಾಲದಲ್ಲಿ ಒಂದು ಮುಂಜಾನೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ವಸ್ತಾದರ ತಮ್ಮನಂತೆ. ಬಾವಿಯ ಪಂಪಿನ ಕೋಣೆಯ ಗೋಡೆಗೆ ಅವರು ಇದ್ದಿಲಿನಿಂದ ಬರೆದಿಟ್ಟಿದ್ದ ನನ್ನ ನಂಬರ್ ನೋಡಿ ಹಚ್ಚಿದ್ದ. ಹಿಂದಿನ ದಿನ ಹೊಳೆ ತುಂಬಿ ಬಂದಾಗ ಸೇತುವೆಯ ಮೇಲೆ ಬೈಕಿನವನೊಬ್ಬ ಕೊಚ್ಚಿ ಹೋಗಿದ್ದ. ವಸ್ತಾದರು ಹಾರಿದ್ದರು. ಅವನಿನ್ನೂ ಜೀವಂತ ಇದ್ದ, ಗಾಬರಿಯಲ್ಲಿ ಇವರ ಕುತ್ತಿಗೆಯನ್ನು ಎರಡೂ ಕೈಯಿಂದ ಬಿಗಿದಪ್ಪಿಕೊಂಡ. ಇಬ್ಬರೂ ಮುಳುಗಿದರು. ಅವನ ಹೆಣ ಸಂಜೆಯೇ ದಂಡೆಗೆ ಬಂದಿತ್ತು. ವಸ್ತಾದರದು ನಡುಹೊಳೆಯ ಮುಳುಗಿದ ಜಾಲಿ ಗಿಡವೊಂದಕ್ಕೆ ಸಿಕ್ಕಿಕೊಂಡಿತ್ತು.

"ಬೋಟು ಮುಳ್ಳಿನ ಒಳಗ ಹೋಗವಲ್ದರಿ. ಯಾರರೆ ಹಗ್ಗಾ ತಗೊಂಡ ಈಸಬೇಕು. ಈ ಕಡೆ ಹೆಣಾ ತರಾಂವ ಅಂದ್ರ ನಮ್ಮಣ್ಣಾ ಒಬ್ಬನ ಇದ್ದಾರಿ..." ಎಂದು ಆತ ಅಳತೊಡಗಿದ.

ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದೆ. ಕೆಂಪು ನೀರು, ಒಂದು ಗೇಣು ಮುಂದಿನದೂ ಕಾಣದು. ಸೆಳವು ನನ್ನನ್ನು ಎಡಕ್ಕೇ ಎಳೆಯುತ್ತಿತ್ತು. ಮುಖ ಒಳಗಿಟ್ಟೆ, ನೀರಿಗೆ ಹೊಡೆಯಲಿಲ್ಲ, ನೆಟ್ಟಗೆ ಹೋದೆ. ಮುಳ್ಳು ಮೈಯನ್ನೆಲ್ಲ ಗೀರಿತು. ಅವರ ಅಂಗಿಯನ್ನು ಹರಿದು ಬಿಡಿಸಿ, ತಲೆಯ ಕೆಳಗೆ ಕೈ ಕೊಟ್ಟೆ. "ತಪ್ಪಾತ್ರಿ ವಸ್ತಾದ್ರ, ತಪ್ಪಾತ್ರಿ" ಎಂದು ದಂಡೆಯ ತನಕ ಅನ್ನುತ್ತಲೇ ಬಂದೆ. ಬಾಯಿ ತುಂಬ ಕೆಸರು ನೀರು. ಯಾರಿಗೂ ಕೇಳಿಸಿರಲಿಕ್ಕಿಲ್ಲ.

ಮಣ್ಣು ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಒಳಗೆ ಕರೆದರು. "ಹಲ್ಲ ಮುರದಾಂವ ನೀನ ಏನಪಾ?" ಎಂದು ಕೇಳಿದರು. ಹೌದ್ರಿ ಎಂದೆ. "ಆ ದಿನಾ ಮನಿಗಿ ಬಂದು ಭಾಳ ನಕ್ಕರು. ರಕ್ತಾ ಸುರಿಯಾಕತ್ತಿತ್ತು, ಆದರೂ ನಗತಿದ್ರು. ಎಂಥಾ ಏಟ ಹಾಕಿದ ಮಗಾ, ಇಂವ ನೀರಾಗ ಸಾಯಾಂವಲ್ಲ ಅಂದ್ರು. ಆಮ್ಯಾಲ ಯಾವದರೆ ಗಾಡಿ ಸಪ್ಪಳಾದ್ರ ಸಾಕು, ಎದ್ದು ಬಾವಿ ಕಡೆ ಹೋಗಿ ನೋಡಿ ಬರ್ತಿದ್ರು."

ಈಗ ಪೊಲೀಸರ ಫೋನು ನನಗೆ ಬರುತ್ತದೆ. ಹೋದ ತಿಂಗಳು ಅಂಕಲಗಿ ಕಡೆಗೆ ಹೋಗಿ ಒಬ್ಬರನ್ನು ತಂದೆ. ರವಿವಾರ ಅದೇ ಬಾವಿಯಲ್ಲಿ ಏಳೆಂಟು ಜನ ನನ್ನ ಹತ್ತಿರ ಈಜು ಕಲಿಯುತ್ತಾರೆ, ಗೋಕಾಕದ ಇಬ್ಬರು ನರ್ಸುಗಳೂ ಬರುತ್ತಾರೆ. ಬಾಯಿಗೆ ಬಂದಂತೆ ಬೈಯುತ್ತೇನೆ, ಕೈ ಮಾತ್ರ ಎತ್ತುವುದಿಲ್ಲ. ಯಾರಾದರೂ ಸಪ್ಪಳವಿಲ್ಲದೆ ಆ ಗೋಡೆಯಿಂದ ಈ ಗೋಡೆಗೆ ಬಂದರೆ ಹೇಳಿಕೊಳ್ಳಬೇಕೆನಿಸುತ್ತದೆ, ಹೇಳಿಕೊಳ್ಳಬೇಕಾದವರು ಇಲ್ಲ. ಅಲ್ಲಿಗೆ ಹೋಗುವಾಗಲೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಅವರು ಬದುಕಿದ್ದಾಗ ಆ ದಾರಿ ಮುಗಿಸಲು ನನಗೆ ಎರಡು ವರ್ಷ ಸಾಲಲಿಲ್ಲ. ತಮ್ಮನ ಫೋನು ಬಂದ ಆ ಮುಂಜಾನೆ ಮುಕ್ಕಾಲು ತಾಸಿನಲ್ಲಿ ಮುಟ್ಟಿದ್ದೆ.